ಮೀನಿಗೆ ಒತ್ತಿದ ಸಂಡಿಗೆ

ಗುರುಸಿದ್ದಮ್ಮನಿಗೆ ಹೆದರಿಕೆಯಾದರೆ ಮೊದಲು ಅಂಗೈ ತಣ್ಣಗಾಗುತ್ತಿತ್ತು. ಆಮೇಲೆ ಆ ಕೈಗೆ ಏನಾದರೂ ಕೆಲಸ ಬೇಕೇ ಬೇಕು ಅನ್ನಿಸುತ್ತಿತ್ತು. ಹುಟ್ಟಿದ್ದು ಕವಲಂದೆಯಲ್ಲಿ, ಓದಿದ್ದು ನಾಲ್ಕನೇ ಕ್ಲಾಸು. ಹದಿನೆಂಟು ತುಂಬುತ್ತಲೇ ತಿ. ನರಸೀಪುರದ ಕಬ್ಬಿಣದಂಗಡಿ ಬೆಟ್ಟಸ್ವಾಮಿಯನ್ನು ಮದುವೆಯಾಗಿ ಬಂದಳು. ತೊಂಬತ್ತಮೂರರಲ್ಲಿ ಮಗಳು ಗಾನವಿಗೆ ಟೈಫಾಯಿಡ್ ಬಂದು ಇಪ್ಪತ್ತೊಂದು ದಿನ ಜ್ವರ ಇಳಿಯಲಿಲ್ಲ. ಆಗ ಮಗುವಿನ ಹಾಸಿಗೆ ಪಕ್ಕದಲ್ಲೇ ಒತ್ತುಮಣೆ ಇಟ್ಟುಕೊಂಡು ಸಂಡಿಗೆ ಒತ್ತಿದಳು. ಮಗು ಎದ್ದು ಕೂತಾಗ ಮನೆಯಲ್ಲಿ ನಾಲ್ಕು ಡಬ್ಬ ಸಂಡಿಗೆ ತುಂಬಿತ್ತು. ಬೀದಿಯವರೆಲ್ಲ ಅದನ್ನು ತಿಂದು, "ನಿನ್ನ ಕೈ ಸಂಡಿಗೆ ಅಂದ್ರೆ ಸಂಡಿಗೆ ಕಣಮ್ಮ" ಅಂದರು. ಅಂದಿನಿಂದ ಯಾರ ಮನೆ ಮದುವೆಯಾದರೂ ಸಂಡಿಗೆ ಅವಳದೇ. ಅದನ್ನು ಯಾವ ಭಯ ಒತ್ತಿಸಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ.

ಎರಡು ಸಾವಿರದ ನಾಲ್ಕನೇ ಇಸವಿ, ದಸರಾ ಎದುರಿಗಿತ್ತು. ಬೆಟ್ಟಸ್ವಾಮಿ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದವರು ತಕ್ಕಡಿಯನ್ನು ಹಾಗೇ ಬಿಟ್ಟು ನೆಲಕ್ಕೆ ಕೂತರು. ಮೈಯೆಲ್ಲ ಬೆವರು. ಪಕ್ಕದ ಪೇಂಟ್ ಅಂಗಡಿಯ ಬಸವಪ್ರಸಾದ್ ಅವರನ್ನು ಕಾರಿಗೆ ಹತ್ತಿಸಿಕೊಂಡು ಮೈಸೂರಿಗೆ ಹೋದ. ನಾಲ್ಕು ದಿನ ಬಿಟ್ಟು ವಾಪಸು ಬಂದಾಗ ಬೆಟ್ಟಸ್ವಾಮಿಯ ಕೈಯಲ್ಲಿ ಒಂದು ಚೀಲ ಮಾತ್ರೆ, ಜೇಬಿನಲ್ಲಿ ಮಡಚಿದ ಒಂದು ಹಾಳೆ.

"ಡಾಕ್ಟ್ರು ಏನಂದ್ರು?"

"ಹಾರ್ಟು ಸ್ವಲ್ಪ ವೀಕಂತೆ. ಮಾತ್ರೆ ತಗೊಂಡ್ರೆ ಸಾಕು."

"ತಿನ್ನೋದು ಉಣ್ಣೋದು?"

"ಎಲ್ಲಾ ತಿನ್ನಬಹುದಂತೆ ಕಣೆ. ನೀ ಸುಮ್ಕಿರು."

ಹಾಳೆಯನ್ನು ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ, ಅವರು ಊಟಕ್ಕೆ ಕೂತರು. ಮಾರನೆಯ ಬೆಳಗಿನಿಂದ ಗುರುಸಿದ್ದಮ್ಮನಿಗೆ ಒಂದು ಅಭ್ಯಾಸ ಶುರುವಾಯಿತು. ಎದ್ದ ತಕ್ಷಣ ಗಂಡನ ಮೂಗಿನ ಮುಂದೆ ಬೆರಳು ಹಿಡಿಯುವುದು, ಉಸಿರು ತಾಗಿದ ಮೇಲೆಯೇ ಕಾಲು ನೆಲಕ್ಕೆ ಇಡುವುದು. ತಟ್ಟೆಗೆ ತುಪ್ಪ ಇನ್ನೊಂದು ಚಮಚ ಹೆಚ್ಚಾಯಿತು. ದಿನಾ ಸಂಡಿಗೆ ಕರಿದಳು. ಸೊರಗಿದ ಮನುಷ್ಯ ಮೈ ಹಿಡಿಯಲಿ ಅಂತ.

ದೀಪಾವಳಿ ಕಳೆದ ವಾರ ಬಸವಪ್ರಸಾದ್ ಒಂದು ಗಾಜಿನ ತೊಟ್ಟಿ ತಂದು ನಡುಮನೆಯ ಈಶಾನ್ಯ ಮೂಲೆಗೆ ಇಟ್ಟ. ಅದರೊಳಗೆ ಅಂಗೈಯಗಲದ ಒಂದೇ ಒಂದು ಮೀನು. ಕೆಂಪು ಮೈ, ಪಕ್ಕೆಯಲ್ಲಿ ಕಪ್ಪು ಚುಕ್ಕೆ, ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಉಬ್ಬು.

"ಫ್ಲವರ್‌ಹಾರ್ನ್ ಅತ್ತಿಗೆ, ಸಿಕ್ಲಿಡ್ ಜಾತಿ. ವಾಸ್ತು ಮೀನು ಅಂತಾರೆ" ಅಂದ ಅವನು. "ಮನೆ ಯಜಮಾನಂಗೆ ಬರೋ ಗಂಡಾಂತರಾನ ಇದು ತನ್ನ ಮೈ ಮೇಲೆ ತಗೊಳ್ತದೆ. ನಮ್ಮ ಭಾವಮೈದನ ಮನೇಲಿ ಹಂಗೇ ಆಯ್ತು, ಲಾರಿ ಆಕ್ಸಿಡೆಂಟು, ಅವನಿಗೆ ಒಂದು ಗೀರಿಲ್ಲ. ಮನೆಗೆ ಬಂದು ನೋಡಿದ್ರೆ ಮೀನು ಅಂಗಾತ!"

ಬೆಟ್ಟಸ್ವಾಮಿ ನಗಲಿಲ್ಲ. ಮಠದ ಸ್ವಾಮಿಗಳ ಮಾತನ್ನೂ ತೂಗಿ ನೋಡುವ ಮನುಷ್ಯ, ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಗುರುಸಿದ್ದಮ್ಮನ ಅಂಗೈ ತಣ್ಣಗಾಯಿತು. ಬರೀ ಸ್ವಲ್ಪ ವೀಕ್ ಆಗಿದ್ದರೆ ಈ ಮನುಷ್ಯ ಹೀಗೆ ಮೀನಿನ ಮುಂದೆ ಯಾಕೆ ಕೂರುತ್ತಿದ್ದರು?

ಮೀನಿನ ಜೊತೆ ಒಂದು ಪೊಟ್ಟಣ ಕಾಳು ಕೊಟ್ಟಿದ್ದ ಬಸವಪ್ರಸಾದ್. ಮೆಣಸಿನಕಾಳಿನಷ್ಟು ದಪ್ಪದ ಕೆಂಪು ಉಂಡೆಗಳು. ಪೊಟ್ಟಣ ಬಿಚ್ಚಿದ್ದೇ ಗುರುಸಿದ್ದಮ್ಮನಿಗೆ ಒಂಥರಾ ವಾಸನೆ ಹೊಡೆಯಿತು. ಅದೇನೆಂದು ಅವಳಿಗೆ ತಿಳಿಯಲಿಲ್ಲ. ಹಿತ್ತಲ ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ನೆರೆಮನೆ ಮುದ್ದಮ್ಮನನ್ನು ಕರೆದು ತೋರಿಸಿದಳು. ಮುದ್ದಮ್ಮ ಒಂದು ಸಲ ಮೂಸಿ ನಕ್ಕಳು.

"ಒಣಮೀನು ಕಣವ್ವಾ! ಮೀನ್ನ ಕುಟ್ಟಿ ಉಂಡೆ ಮಾಡವ್ರೆ. ನಿಮ್ಮನೇಲಿ ಇದ್ನ ಆಕ್ದೆ ಅಂತ ಗೊತ್ತಾದ್ರೆ ಅಯ್ನೋರು ಬಾಗ್ಲಿಗೂ ಬರಾಕಿಲ್ಲ."

ಪೊಟ್ಟಣ ಅವತ್ತೇ ತಿಪ್ಪೆ ಸೇರಿತು. ಗುರುಸಿದ್ದಮ್ಮ ತಲೆಗೆ ನೀರು ಹಾಕಿಕೊಂಡು ಬಂದು, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಳು. ಲಿಂಗಕ್ಕೆ ತೋರಿಸದೆ ಆ ಮನೆಯಲ್ಲಿ ಯಾರ ಬಾಯಿಗೂ ತುತ್ತು ಹೋಗುತ್ತಿರಲಿಲ್ಲ. ಕರುವಿಗೆ ಹಾಕುವ ಬೂಸವನ್ನೂ ಅತ್ತೆಯ ಕಾಲದಿಂದ ಹಾಗೇ ತೋರಿಸಿ ಹಾಕುವ ಪದ್ಧತಿ. ಯಜಮಾನನ ಗಂಡಾಂತರ ಹೊರಲು ಬಂದ ಜೀವಕ್ಕೆ ಮಾತ್ರ ಎಡೆ ತೋರಿಸದೆ ಹಾಕಲಾದೀತೆ? ಹಾಗಾದರೆ ಅದರ ಊಟ ತೋರಿಸುವಂಥದ್ದೇ ಆಗಿರಬೇಕು.

ಮತ್ತೆ ಒತ್ತುಮಣೆ ಕೆಳಗಿಳಿಯಿತು. ಹುರಿಗಡಲೆ ಹಿಟ್ಟು, ಅಕ್ಕಿ ಹಿಟ್ಟು, ಬಣ್ಣಕ್ಕೆ ತುರಿದ ಕ್ಯಾರೆಟ್ಟು, ನಂಜನಗೂಡಿನಿಂದ ಮಗಳು ಕಳಿಸಿದ್ದ ರಸಬಾಳೆ, ಪುಷ್ಟಿಗೆ ಅಂತ ಒಂದು ಚಮಚ ತುಪ್ಪ. ಎಲ್ಲ ಕಲಸಿ ಬೇಯಿಸಿ, ಸಣ್ಣ ತೂತಿನ ಬಿಲ್ಲೆ ಹಾಕಿ ಒತ್ತಿ, ಎಳೆಯನ್ನು ಕತ್ತರಿಯಲ್ಲಿ ಕಾಳುಕಾಳಾಗಿ ಕತ್ತರಿಸಿ, ತಾರಸಿಯ ಮೇಲೆ ಬಿಳಿ ಪಂಚೆಯಲ್ಲಿ ಒಣಗಿಸಿದಳು. ಮುದ್ದಮ್ಮ ತನ್ನ ಮನೆಯ ತಾರಸಿಯಿಂದ ಕತ್ತು ಚಾಚಿ ನೋಡಿ, "ಯಾರ ಮದ್ವೆ ಸಂಡ್ಗೆ ಕಣವ್ವಾ, ಇಷ್ಟು ಸಣ್ಕೆ?" ಅಂದಳು.

"ಮೀನಿಂದು."

"ಥೂ, ಮೀನ್ಗೆ ಸಂಡ್ಗೆನಾ! ನನ್ ಗಂಡ ಒಂದಿನ ನಮ್ಮನೇಲಿ ಇಂಗೆ ಉಂಡಿಲ್ಲ ಕಣ್ ಬುಡು."

ಮೀನು ಮೊದಮೊದಲು ಆಸೆಯಿಂದಲೇ ತಿಂದಿತು. ಗುರುಸಿದ್ದಮ್ಮ ಬಂದರೆ ಗಾಜಿಗೆ ಮೂತಿ ತಿಕ್ಕುತ್ತಿತ್ತು. ಹಾಕಿದಷ್ಟೂ ತಿನ್ನುತ್ತಿತ್ತು, ಅವಳೂ ಹಾಕುತ್ತಲೇ ಇದ್ದಳು. ತಿನ್ನುವ ಜೀವ ಸಾಯುವುದಿಲ್ಲ ಅನ್ನುವ ನಂಬಿಕೆ ಅವಳ ರಕ್ತದಲ್ಲೇ ಇತ್ತು. ಬೆಳಗ್ಗೆ ಎದ್ದರೆ ಗಂಡನ ಮೂಗಿಗೆ ಬೆರಳು, ಅಲ್ಲಿಂದ ನೇರ ತೊಟ್ಟಿಗೆ. ಎರಡು ಕಡೆಯೂ ಉಸಿರು ಕಂಡ ಮೇಲೆ ಒಲೆ.

ಶಿವರಾತ್ರಿಯ ಹೊತ್ತಿಗೆ ಮೀನಿನ ಹಣೆಯ ಉಬ್ಬು ಇಳಿದುಹೋಗಿತ್ತು. ಹೊಟ್ಟೆ ಮಾತ್ರ ಊದಿತ್ತು. ಬಾಲದ ಕೆಳಗೆ ಬಿಳಿ ದಾರದಂಥದ್ದು ಜೋಲುತ್ತಿತ್ತು. ಒಂದು ದಿನ ಬೆಳಕಿಗೆ ನೋಡಿದರೆ ಕಣ್ಣಿನ ಮೇಲ್ಗಡೆ, ತಲೆಯಲ್ಲಿ, ಸೂಜಿ ಚುಚ್ಚಿದ ಹಾಗೆ ಎರಡು ತೂತು. ವಾರದಲ್ಲಿ ಅವು ಸಾಸಿವೆ ಕಾಳಿನಷ್ಟಾದವು. ಮೀನು ಮೂಲೆಗೆ ತಲೆ ಕೊಟ್ಟು ನಿಂತಿತು, ಸಂಡಿಗೆ ಹಾಕಿದರೆ ತಿರುಗಿ ನೋಡಲಿಲ್ಲ.

ಅದೇ ವಾರ ಬೆಟ್ಟಸ್ವಾಮಿ ಅಂಗಡಿಯಿಂದ ಮನೆಗೆ ಬರುವಾಗ ದಾರಿಯಲ್ಲಿ ಎರಡು ಕಡೆ ಜಗಲಿಯ ಮೇಲೆ ಕೂತು ಬಂದರು.

ಮುದ್ದಮ್ಮ ಸಮಾಧಾನ ಹೇಳಿದಳು. "ಅದು ತಗೊಂತಾ ಅದೆ ಕಣವ್ವಾ. ಓಗ್ಲಿ ಬುಡು. ಅದು ಓದ್ರೆ ನಿಮ್ ಯಜಮಾನ್ರು ಗಟ್ಟಿ."

ಗುರುಸಿದ್ದಮ್ಮನಿಗೆ ಆ ಸಮಾಧಾನವೇ ಇನ್ನೊಂದು ಭಯವಾಯಿತು. ಮೀನು ಸತ್ತರೆ ಗಂಡ ಉಳಿಯುತ್ತಾರೋ? ಅಥವಾ ಅದು ಹೊರಲಾರದೆ ಸತ್ತು, ಹೊರೆ ವಾಪಸು ಅವರ ಮೇಲೆ ಬೀಳುತ್ತದೋ? ಬದುಕಲಿ ಅಂತ ಬೇಡಬೇಕೋ, ಸಾಯಲಿ ಅಂತ ಬೇಡಬೇಕೋ ತಿಳಿಯದೆ ಮೂರು ದಿನ ಪೂಜೆಯಲ್ಲಿ ಏನನ್ನೂ ಕೇಳದೆ ಎದ್ದಳು. ಗಂಡ ಮಾತ್ರ ಮನೆಯಲ್ಲಿದ್ದಷ್ಟು ಹೊತ್ತೂ ತೊಟ್ಟಿಯ ಮುಂದಿನ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಮೀನಿನ ತೂತು ದೊಡ್ಡದಾದಷ್ಟೂ ಅವರ ಮುಖದಲ್ಲಿ ಏನೋ ಒಂದು ನೆಮ್ಮದಿ.

ನಾಲ್ಕನೇ ದಿನ ಮಗಳನ್ನು ನೋಡಿಬರುತ್ತೇನೆ ಅಂತ ಹೇಳಿ ನಂಜನಗೂಡಿನ ಬಸ್ಸು ಹತ್ತಿದಳು. ಸೆರಗಿನ ಮರೆಯಲ್ಲಿ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ಮೀನಿನ ಸಂಡಿಗೆ. ಬಸ್ ಸ್ಟ್ಯಾಂಡಿನ ಹತ್ತಿರ ಮದನ್ ಅನ್ನುವ ಹುಡುಗಾಟದ ಮಾತಿನ ಮನುಷ್ಯನೊಬ್ಬ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದ. ಗಾನವಿ ಹಬ್ಬಕ್ಕೆ ಬಂದಾಗ ಹೇಳಿದ್ದಳು. ಮಗಳ ಮನೆಗೆ ಹೋಗುವ ಮೊದಲೇ ಗುರುಸಿದ್ದಮ್ಮ ಆ ಅಂಗಡಿಯ ಮೆಟ್ಟಿಲು ಹತ್ತಿದಳು.

ಉಬ್ಬು ಇಳಿದದ್ದು, ಹೊಟ್ಟೆ ಊದಿದ್ದು, ದಾರ, ತೂತು, ಎಲ್ಲ ಹೇಳಿದಳು. ಮದನ್ ಕೇಳಿದ, "ಊಟಕ್ಕೇನು ಹಾಕ್ತೀರಮ್ಮ?"

ಡಬ್ಬಿ ತೆರೆದಳು. ಅವನು ಒಂದು ಕಾಳನ್ನು ಹಲ್ಲಲ್ಲಿ ಕಚ್ಚಿ ನೋಡಿದ. "ಚೆನ್ನಾಗದೆ. ಯಾರು ಮಾಡಿದ್ದು?"

"ನಾನೇ ಕಣಪ್ಪ. ಸಂಡಿಗೆ ಥರ. ಲಿಂಗಕ್ಕೆ ತೋರಿಸಿಯೇ ಹಾಕ್ತೀನಿ."

"ಅಮ್ಮಾ, ನೀವು ಲಿಂಗ ಕಟ್ಕೊಂಡಿದೀರಿ, ಸರಿ. ನಿಮ್ಮ ಮೀನು ಕಟ್ಕೊಂಡಿಲ್ವಲ್ಲಾ!"

ಅವಳಿಗೆ ನಗು ಬರಲಿಲ್ಲ. ಅವನೂ ನಗು ನಿಲ್ಲಿಸಿದ. ಒಂದು ಗಾಜಿನ ಲೋಟಕ್ಕೆ ನೀರು ಹಾಕಿ, ನಾಲ್ಕು ಕಾಳು ಸಂಡಿಗೆ ಬಿಟ್ಟು, "ಇದನ್ನ ನೋಡ್ತಾ ಇರಿ" ಅಂತ ಬೇರೆ ಗಿರಾಕಿಯ ಕಡೆ ಹೋದ.

ಗುರುಸಿದ್ದಮ್ಮ ನೋಡುತ್ತ ನಿಂತಳು. ಕಾಳು ಮೊದಲು ಮೆತ್ತಗಾಯಿತು. ಆಮೇಲೆ ಊದಿತು. ಮೆಣಸಿನಕಾಳಿನಷ್ಟಿದ್ದದ್ದು ಅವರೆಕಾಳಿನಷ್ಟಾಯಿತು, ಬಿರಿಯಿತು, ಅಂಟು ಬಿಟ್ಟಿತು, ನೀರು ಗಂಜಿಯ ಬಣ್ಣಕ್ಕೆ ತಿರುಗಿತು, ಮೇಲೆ ತುಪ್ಪದ ಒಂದು ಸಣ್ಣ ಕಣ್ಣು ತೇಲಿತು. ನಲವತ್ತೈದು ವರ್ಷ ಬದುಕಿದವಳು ತನ್ನ ಕೈಯಡುಗೆಯನ್ನು ಹಾಗೆ ನೋಡಿರಲಿಲ್ಲ.

ಮದನ್ ವಾಪಸು ಬಂದು ಮೆಲ್ಲಗೆ ಹೇಳಿದ, "ಇದೇ ಅದರ ಹೊಟ್ಟೇಲೂ ಆಗಿರೋದು ಅಮ್ಮ. ಬರೀ ಹಿಟ್ಟು. ಹೊಟ್ಟೆ ತುಂಬ್ತದೆ, ಮೈಗೆ ಏನೂ ಸಿಗಲ್ಲ. ಸತ್ವ ಇಲ್ದೆ ಮೈಯೇ ತಲೇಲಿ ತೂತು ಬೀಳಿಸ್ಕೊಳ್ತದೆ."

"ಅಂದ್ರೆ... ಅದು ಯಾರ ಗಂಡಾಂತರಾನೂ ತಗೊಂಡಿಲ್ವಾ?"

"ನಿಮ್ಮ ಸಂಡಿಗೆ ತಗೊಂಡದೆ, ಅಷ್ಟೇ."

ಅವಳು ಕಟ್ಟೆಯ ಮೇಲೆ ಕೂತಳು. ಅಂಗೈ ಮಂಜಿನಂತಾಗಿತ್ತು. ನಾಲ್ಕು ತಿಂಗಳು ಯಾವ ಜೀವ ಉಳಿಯಲಿ ಅಂತ ಒದ್ದಾಡಿದಳೋ ಅದನ್ನು ಈ ಕೈಯೇ ದಿನಕ್ಕೆ ಮೂರು ಹೊತ್ತು ಕೊಲ್ಲುತ್ತಿತ್ತು.

"ಈಗ ಏನು ಹಾಕ್ಲಿ?"

ಮದನ್ ಮೂರು ಬಗೆ ತಂದು ಮುಂದಿಟ್ಟ. ಒಂದು, ಬಾಯಿ ತೆರೆದ ಚೀಲದಿಂದ ತೂಗಿ ಕೊಡುವ ಕಾಳು. ಇನ್ನೊಂದು, ಹಸಿರು ಡಬ್ಬಿ. ಮೂರನೆಯದು, ಒಂದು ಚಿಕ್ಕ ಕೆಂಪು ಡಬ್ಬಿ. ಗುರುಸಿದ್ದಮ್ಮನ ಕೈ ತಾನಾಗಿ ಹಸಿರಿನ ಕಡೆ ಹೋಯಿತು.

"ಇದು ಸಸ್ಯಾಹಾರವೇನಪ್ಪ? ಇದೇ ಕೊಟ್ಟುಬಿಡು."

"ಅದು ಪಾಚಿ ತಿನ್ನೋ ಸಿಕ್ಲಿಡ್‌ಗೆ. ಸಿಕ್ಲಿಡ್ ಅಂದ್ರೆ ಎಲ್ಲ ಒಂದೇ ಅಲ್ಲ, ನಿಮ್ಮದು ಹುಳ ಸೀಗಡಿ ಹಿಡಿಯೋದು. ಮತ್ತೆ ಸುಳ್ಳು ಹೇಳಲ್ಲ, ಹಸಿರು ಡಬ್ಬೀಲೂ ಪಾಚಿ ಜೊತೆ ಸ್ವಲ್ಪ ಮೀನು ಸೇರಿಸಿರ್ತಾರೆ. ಚೀಲದ್ದು ಯಾವ ಕಾಲದ್ದೋ, ಗಾಳಿ ಹೊಡೆದು ಸತ್ವ ಹೋಗಿರ್ತದೆ. ಮೂಸಿ ನೋಡಿ, ಕಮಟು ವಾಸನೆ. ನನಗೆ ಮಾರೋಕೆ ಸುಲಭ, ನಿಮಗೆ ಕೊಡಲ್ಲ."

ಕೆಂಪು ಡಬ್ಬಿಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ತೋರಿಸಿದ. ಎಲ್ಲ ಇಂಗ್ಲಿಷು.

"ನಂಗೆ ಓದಕ್ಕೆ ಬರಲ್ಲಪ್ಪ."

"ಮೂರು ಕಡೆ ಬೆರಳಿಡೋದು ಕಲಿಯಿರಿ, ಸಾಕು. ಇಲ್ಲಿ, ಯಾವ ಹೆಸರು ಮೊದಲು ಬರೆದಿರ್ತಾರೋ ಅದೇ ಒಳಗೆ ಜಾಸ್ತಿ ಇರೋದು. ಇದರಲ್ಲಿ ಮೊದಲು ಮೀನು, ಆಮೇಲೆ ಸೀಗಡಿ, ಗೋಧಿ ಹಿಂದೆ ಎಲ್ಲೋ. ಗೋಧಿ, ಅಕ್ಕಿ ಮೊದಲಿದ್ರೆ ಅದೂ ನಿಮ್ಮ ಸಂಡಿಗೇನೇ. ಇಲ್ಲಿ ಅಂಕಿ ನೋಡಿ, ನಲವತ್ತೆರಡು. ಅದು ಪ್ರೋಟೀನು, ನಲವತ್ತರ ಮೇಲೆ ಇರಲಿ. ಇಲ್ಲಿ ತಯಾರಾದ ತಿಂಗಳು. ಡಬ್ಬಿ ಚಿಕ್ಕದೇ ತಗೊಳ್ಳಿ, ದೊಡ್ಡದು ಮುಗಿಯೋದ್ರೊಳಗೆ ವಿಟಮಿನ್ ಹೋಗ್ತದೆ."

ಅಂಕಿ ಅವಳಿಗೆ ಬರುತ್ತಿತ್ತು. ನಾಲ್ಕು, ಎರಡು. ಬೆರಳಿಟ್ಟು ಓದಿದಳು. ಮೊದಲನೆಯ ಹೆಸರಿನ ಆಕಾರ ಕಣ್ಣಲ್ಲಿ ಹಿಡಿದುಕೊಂಡಳು.

"ಇವತ್ತಿಂದ ಮೂರು ದಿನ ಏನೂ ಹಾಕಬೇಡಿ. ನೀರು ಮಾತ್ರ ದಿನಾ ಸ್ವಲ್ಪ ಬದಲಾಯಿಸಿ. ಆಮೇಲೆ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸೋಷ್ಟು. ಮಿಕ್ಕಿದ್ದು ತೆಗೆದುಬಿಡಿ."

"ಮೂರು ದಿನ ಉಪವಾಸನಾ? ಸತ್ತೇ ಹೋಗ್ತದಲ್ಲಪ್ಪ!"

"ಹಾಕಿದ್ರೆ ಸಾಯೋದು, ಅಮ್ಮ."

ಮಗಳ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದು, ಸಂಜೆಯ ಬಸ್ಸಿಗೆ ವಾಪಸು ಬಂದಳು. ಕೊಂಡು ತಂದ ಕೆಂಪು ಡಬ್ಬಿಯನ್ನು ಒಳಗೆ ತರಲಿಲ್ಲ. ಬಚ್ಚಲ ಹಂಡೆಯ ಪಕ್ಕದ ಗೂಡಿನಲ್ಲಿ, ಸೀಗೇಪುಡಿಯ ಹಿಂದೆ ಇಟ್ಟಳು.

ಆ ಮೂರು ದಿನ ಅವಳ ಕೈಗೆ ಕೆಲಸವಿರಲಿಲ್ಲ. ಮೀನು ಹಸಿದು ಒಂದೆರಡು ಸಲ ಈ ಕಡೆ ತಿರುಗಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಮೂರನೇ ದಿನ ಮಧ್ಯಾಹ್ನ ಗಂಡನಿಗೆ ಬಡಿಸುತ್ತಿದ್ದಾಗ ತುಪ್ಪದ ಚಮಚ ಅನ್ನದ ಮೇಲೆ ಹಾಗೇ ನಿಂತಿತು. ತಟ್ಟೆಯಲ್ಲಿ ಸಂಡಿಗೆ, ಉಪ್ಪಿನಕಾಯಿ, ಕೊಬ್ಬರಿ ಚಟ್ನಿ. ಯಾವುದು ಮೊದಲೋ ಅದೇ ಜಾಸ್ತಿ. ಈ ತಟ್ಟೆಯ ಹಿಂಬದಿಗೆ ಬರೆದಿದ್ದರೆ ಮೊದಲ ಹೆಸರು ಯಾವುದು?

ಅವರು ಉಂಡು ಅಂಗಡಿಗೆ ಹೋದ ಮೇಲೆ ಕ್ಯಾಲೆಂಡರ್ ಎತ್ತಿದಳು. ಮಡಚಿದ ಹಾಳೆ ಅಲ್ಲೇ ಇತ್ತು. ಇದು ಕನ್ನಡ. ಕೂಡಿಸಿ ಕೂಡಿಸಿ ಓದಿದಳು. ಉಪ್ಪು ಕಡಿಮೆ. ಕರಿದ ಪದಾರ್ಥ ಬೇಡ. ತುಪ್ಪ, ಬೆಣ್ಣೆ, ಕೊಬ್ಬರಿ ಬೇಡ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಬೇಡ. ಸಂಡಿಗೆ ಅನ್ನುವ ಅಕ್ಷರದ ಮೇಲೆ ಅವಳ ಬೆರಳು ನಿಂತುಬಿಟ್ಟಿತು. ಕೆಳಗಡೆ ಪೆನ್ನಿನಲ್ಲಿ ಗೀಚಿದ್ದರು: ಆಪರೇಷನ್‌ಗೆ ಒಂದು ತಿಂಗಳೊಳಗೆ ಬರತಕ್ಕದ್ದು. ತಾರೀಕು ಅಕ್ಟೋಬರಿನದು. ಗೋಡೆಯ ಮೇಲೆ ಮಾರ್ಚಿ.

ಅಲ್ಲೇ ಗೋಡೆಗೆ ಒರಗಿ ಕೂತಳು. ಅವರು ಬರುವ ತನಕ ಏಳಲಿಲ್ಲ.

ಬೆಟ್ಟಸ್ವಾಮಿ ಬಂದು ಚಪ್ಪಲಿ ಬಿಡುತ್ತಲೇ ಅವಳ ಕೈಯಲ್ಲಿದ್ದ ಹಾಳೆ ನೋಡಿದರು. ಮೊದಲು ಗದರಿಸಿದರು. "ಯಾರೇ ನಿಂಗೆ ಅದನ್ನ ತೆಗಿ ಅಂದೋರು?"

"ಒಂದು ತಿಂಗಳು ಅಂತ ಬರೆದವ್ರೆ."

"ಬರೀತಾರೆ. ಅವ್ರಿಗೇನು."

"ಎಲ್ಲಾ ತಿನ್ನಬಹುದು ಅಂದ್ರಲ್ಲಾ ನೀವು."

ಅವರು ತೊಟ್ಟಿಯ ಮುಂದಿನ ಕುರ್ಚಿಗೆ ಹೋಗಿ ಕೂತರು. ಮೀನಿನ ಕಡೆ ನೋಡುತ್ತಲೇ ಹೇಳಿದರು, "ಎದೆಗೂಡನ್ನ ಗರಗಸದಲ್ಲಿ ಕುಯ್ತಾರಂತೆ ಕಣೆ. ನಾನೇ ಗರಗಸ ಮಾರೋನು, ಅದು ಹೆಂಗೆ ಕುಯ್ಯುತ್ತೆ ಅಂತ ನಂಗೊತ್ತಿಲ್ವಾ?" ಅವರ ದನಿ ಸಣ್ಣದಾಯಿತು. "ಇದು ತಗೊಂಡುಬಿಡ್ತದೆ ಅಂದ್ಕೊಂಡೆ. ನೋಡು, ತಗೊಳ್ತಾ ಇದೆ. ತಲೆ ತೂತು ಬಿದ್ದದೆ ನೋಡು. ಇನ್ನೊಂದು ವಾರ..."

ಇಪ್ಪತ್ತೇಳು ವರ್ಷದಲ್ಲಿ ಆ ಮನುಷ್ಯ ಹೆದರಿದ್ದನ್ನು ಅವಳು ಕಂಡಿರಲಿಲ್ಲ. ಅವಳು ಎದ್ದು ಹೋಗಿ ಒಂದು ಲೋಟ ನೀರು ತಂದಳು, ಸ್ಟೀಲ್ ಡಬ್ಬಿ ತಂದಳು. ಅವರ ಕಣ್ಣೆದುರಿಗೆ ನಾಲ್ಕು ಕಾಳು ಬಿಟ್ಟಳು.

"ಇದೇನಿದು?"

"ನೋಡ್ತಾ ಇರಿ."

ಇಬ್ಬರೂ ನೋಡಿದರು. ಊದಿತು, ಬಿರಿಯಿತು, ನೀರು ಗಂಜಿಯಾಯಿತು. ತುಪ್ಪದ ಕಣ್ಣು ಮೇಲೆ ಬಂತು.

"ಆ ಮೀನಿಗೆ ಬಂದಿರೋದು ನಿಮ್ಮ ಗಂಡಾಂತರ ಅಲ್ಲ" ಅಂದಳು ಗುರುಸಿದ್ದಮ್ಮ. "ನಾನು ಮಾಡಿದ್ದು. ಇದನ್ನ ತಿನ್ನಿಸಿ ನಾನೇ ಮಾಡಿದ್ದು. ನಿಮ್ಮದು ನಿಮ್ಮಲ್ಲೇ ಅದೆ. ಒಂದು ಸಾಸಿವೆಯಷ್ಟೂ ಕಡಿಮೆ ಆಗಿಲ್ಲ. ಅದಕ್ಕೂ ನಾನು ದಿನಾ ತುಪ್ಪ ಹಾಕಿದೀನಿ."

ಬೆಟ್ಟಸ್ವಾಮಿ ಲೋಟ ಎತ್ತಿ ಬೆಳಕಿಗೆ ಹಿಡಿದರು. ತೂಕ ನೋಡುವವರ ಹಾಗೆ ಹಿಡಿದೇ ಇದ್ದರು. ಆಮೇಲೆ ಕೆಳಗಿಟ್ಟು, "ಬಸವಪ್ರಸಾದಂಗೆ ಕಾರು ತರಕ್ಕೆ ಹೇಳು, ಸೋಮವಾರ" ಅಂದರು. ಸ್ವಲ್ಪ ಹೊತ್ತಿನ ಮೇಲೆ, "ನೀನೂ ಬಾ" ಅಂದರು.

ಮಾರನೆಯ ದಿನ ಮೀನಿನ ಉಪವಾಸ ಮುಗಿಯಿತು. ಗುರುಸಿದ್ದಮ್ಮ ಪೂಜೆಗೆ ಕೂತು, ಲಿಂಗವನ್ನು ಕರಡಿಗೆಗೆ ಇಡುವ ಮೊದಲು ಅಂದಳು, "ಇದೊಂದನ್ನ ನಿಂಗೆ ತೋರಿಸಲಾರೆ. ನೋಡದೋನ ಹಂಗೆ ಇದ್ದುಬಿಡು." ಬಚ್ಚಲಿಗೆ ಹೋಗಿ, ಮರದ ಚಮಚದಲ್ಲಿ ಐದೇ ಕಾಳು ತಂದು ತೊಟ್ಟಿಗೆ ಬಿಟ್ಟಳು. ಎರಡು ನಿಮಿಷ ಅಂದರೆ ನೂರ ಇಪ್ಪತ್ತು, ಬಾಯಿಯಲ್ಲಿ ಎಣಿಸಿದಳು. ನೂರು ದಾಟಿದರೂ ಮೀನು ಅಲ್ಲಾಡಲಿಲ್ಲ. ಕಾಳು ಊದಲಿಲ್ಲ, ಬಿರಿಯಲಿಲ್ಲ, ನೀರಿನ ಮೇಲೆ ಹಾಗೇ ಗಟ್ಟಿಯಾಗಿ ನಿಂತಿತು. ನೂರ ಹದಿನಾಲ್ಕಕ್ಕೆ ಮೀನು ಮೆಲ್ಲಗೆ ಮೇಲೆ ಬಂದು ಒಂದನ್ನು ಎಳೆದುಕೊಂಡಿತು. ಅವಳು ಬಚ್ಚಲಿಗೆ ಓಡಿ, ತಲೆಗೆ ನೀರು ಹಾಕಿಕೊಂಡು ಅಲ್ಲೇ ಅತ್ತಳು.

ಆಪರೇಷನ್ನಿನ ದಿನ ಮೈಸೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಆರು ಗಂಟೆ ಕೂತಿದ್ದಳು. ಕೈಗೆ ಕೆಲಸವಿಲ್ಲ. ಪಕ್ಕದಲ್ಲಿ ಗಾನವಿ ಇದ್ದಳು. ಗುರುಸಿದ್ದಮ್ಮ ಮಗಳ ಅಂಗೈಯನ್ನು ಹಿಟ್ಟು ನಾದುವ ಹಾಗೆ ನಾದುತ್ತಲೇ ಇದ್ದಳು. "ಅಮ್ಮಾ, ಕೈ ನೋಯ್ತದೆ" ಅಂದಳು ಮಗಳು, ಆದರೆ ಬಿಡಿಸಿಕೊಳ್ಳಲಿಲ್ಲ. ತಿ. ನರಸೀಪುರದಲ್ಲಿ ಮುದ್ದಮ್ಮ ದಿನಕ್ಕೆ ಎರಡು ಸಲ ಬೀಗ ತೆಗೆದು ಐದೈದು ಕಾಳು ಹಾಕುತ್ತಿದ್ದಳು. ಅವಳಿಗೆ ಆ ವಾಸನೆ ಮನೆಯದೇ.

ಹದಿಮೂರು ದಿನಕ್ಕೆ ಬೆಟ್ಟಸ್ವಾಮಿ ಮನೆಗೆ ಬಂದರು. ಎದೆಯ ನಡುವೆ ಉದ್ದಕ್ಕೆ ಹೊಲಿಗೆ. ಮೀನಿನ ತಲೆಯ ತೂತು ತುಂಬಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಗುರುತು ಇಬ್ಬರಿಗೂ ಉಳಿಯಿತು. ಒತ್ತುಮಣೆಯನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದಳು. ಮದುವೆಯವರು ಕೇಳಿ ಬಂದರೆ, "ಕೈ ನೋವು ಕಣ್ರೀ" ಅಂತ ಕಳಿಸಿದಳು. ಯಾವ ಅಂಗಡಿಗೆ ಹೋದರೂ ಪೊಟ್ಟಣ ತಿರುಗಿಸಿ ಹಿಂಬದಿಗೆ ಬೆರಳಿಡುವುದು ರೂಢಿಯಾಯಿತು. ಬಿಸ್ಕತ್ತಿನವನಿಗೆ ಅದೊಂದು ತಮಾಷೆ. "ಏನಮ್ಮೋ, ಮೀನಿಗೋ ಯಜಮಾನ್ರಿಗೋ?" ಅನ್ನುತ್ತಿದ್ದ.

ಬೆಳಗಿನ ಬೆರಳು ಮಾತ್ರ ಬಿಡಲಿಲ್ಲ. ಮೊದಲು ಗಂಡನ ಮೂಗು, ಆಮೇಲೆ ಗಾಜು. ಬೇಸಿಗೆ, ಮಳೆ, ಚಳಿ, ಒಂದು ದಿನ ತಪ್ಪಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಒಂದು ಬೆಳಗ್ಗೆ ಗುರುಸಿದ್ದಮ್ಮ ಎದ್ದು, ಮುಖ ತೊಳೆದು, ಹಾಲಿಟ್ಟು, ಕಾಫಿಗೆ ಡಿಕಾಕ್ಷನ್ ಇಳಿಸಿ, ಲೋಟಕ್ಕೆ ಸುರಿಯುತ್ತಿದ್ದಳು. ಕೈ ಬೆಚ್ಚಗಿದೆಯಲ್ಲಾ ಅನ್ನಿಸಿತು. ಮರುಕ್ಷಣ ನೆನಪಾಯಿತು. ಇವತ್ತು ನೋಡಿಲ್ಲ. ಎರಡನ್ನೂ ನೋಡಿಲ್ಲ. ಲೋಟ ಕಟ್ಟೆಯ ಮೇಲೆ ಕುಕ್ಕಿ, ಸೀರೆ ಎತ್ತಿಕೊಂಡು ನಡುಮನೆಗೆ ಓಡಿದಳು.

ಬೆಟ್ಟಸ್ವಾಮಿ ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಮೀನು ಗಾಜಿಗೆ ಮೂತಿ ತಿಕ್ಕುತ್ತಿತ್ತು.

"ಇವತ್ತೇನೇ ಇಷ್ಟು ಹೊತ್ತು?" ಅಂದರು ಅವರು. "ನಾವಿಬ್ರೂ ಆಗಿಂದ ಬಾಯಿ ಬಿಟ್ಕೊಂಡು ಕೂತಿದೀವಿ."